ಗುರುದೇವಿಯ ಹೆಸರಿನಲ್ಲಿ ಯಾರೋ

"ಕೀಬೋರ್ಡ್ ಮುಟ್ಬೇಡಿ! ಕೈ ತೆಗೀರಿ!"

ಗುರುದೇವಿ ಬೆಚ್ಚಿಬಿದ್ದು ತಿರುಗಿದಳು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವನನ್ನು ಅವಳು ಈವರೆಗೆ ಕಂಡೇ ಇರಲಿಲ್ಲ. ಆದರೆ ಆ ದನಿ... ಅಯ್ಯೋ, ಆ ದನಿ ಅವಳಿಗೆ ಗೊತ್ತಿಲ್ಲದೆ ಇದ್ದೀತೇ! ಪಂಚಾಕ್ಷರಿ!

ಅವನು ಕಂಪನಿಯ ಕೆ.ಆರ್. ಪುರದ ಸರ್ವರ್ ರೂಮಿನಲ್ಲಿ, ಅವಳು ಬೆನ್ಸನ್ ಟೌನ್‌ನ ಈ ಪುಟ್ಟ ಆಫೀಸಿನಲ್ಲಿ. ತಿಂಗಳುಗಟ್ಟಲೆ ಬರೀ ಫೋನಿನಲ್ಲೇ ಮಾತು. ಕೆಲಸದ ಮಾತು ಮುಗಿದ ಮೇಲೂ ಫೋನ್ ಇಡಲು ಇಬ್ಬರಿಗೂ ಮನಸ್ಸಾಗುತ್ತಿರಲಿಲ್ಲ. ಅಂಥವನು ಮೊದಲ ಭೇಟಿಯಲ್ಲೇ ಎಲ್ಲರೆದುರು ಹೀಗೆ ಕೂಗಿದರೆ ಹುಡುಗಿಗೆ ಹೇಗಾಗಿರಬೇಡ, ನೀವೇ ಹೇಳಿ!

"ಯಾಕ್ರೀ? ನಾನೇನ್ ಮಾಡ್ದೆ?"

"ಮಧ್ಯಾಹ್ನ ರಿಜಿಸ್ಟ್ರಿಯಲ್ಲಿ ಡ್ರಿಪ್ ಇಮೇಜ್ ಬದಲಾಗಿದೆ. ನಿಮ್ಮ ಹೆಸರಲ್ಲಿ."

"ನಾನಾ? ನಾನು ಊಟಕ್ಕೆ ಹೋಗಿದ್ದೆ!"

ಆಸ್ಪತ್ರೆಯ ಡ್ರಿಪ್ ಮಷೀನ್ ಎಷ್ಟು ಔಷಧಿ ಬಿಡಬೇಕೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಇವರದು. ಅದನ್ನು ಡಬ್ಬಿಗೆ ತುಂಬಿ ಮುಚ್ಚಿದಂತೆ ಕಂಟೇನರ್ ಇಮೇಜ್ ಮಾಡಿ, ಕಂಪನಿಯದೇ ಖಾಸಗಿ ರಿಜಿಸ್ಟ್ರಿಯಲ್ಲಿ ಜೋಡಿಸಿಡುವುದು ಗುರುದೇವಿಯ ಕೆಲಸ. ಸಂಜೆ ನರ್ಸ್‌ಗಳ ಶಿಫ್ಟ್ ಬದಲಾಗುವಾಗ ಆಸ್ಪತ್ರೆಗಳ ಕಂಪ್ಯೂಟರುಗಳು ಅಲ್ಲಿಂದ ತಾವಾಗಿಯೇ ಹೊಸ ಇಮೇಜ್ ಎಳೆದುಕೊಳ್ಳುತ್ತವೆ. ಯಾರೋ ಕಲಬೆರಕೆ ಮಾಡಿದ ಡಬ್ಬಿ ಹೋದರೆ... ಹಾಸಿಗೆ ಹಿಡಿದವರ ಗತಿ?

ಕಂಪನಿಯ ಮಾಲೀಕರಾದ ಜಿಯಾವುಲ್ಲಾ ಕ್ಯಾಬಿನ್‌ನಿಂದ ಹೊರಬಂದರು.

"ಏನಮ್ಮಾ ಇದು? ಒಳಗೆ ಇಡೋ ಹಕ್ಕು ನಿನಗೊಬ್ಳಿಗೇ ಅಲ್ವಾ ಇರೋದು? ಪಂಚಾಕ್ಷರಿ, ರಿಜಿಸ್ಟ್ರಿ ತೆರೆಯೋ ಇವಳ ಕೀ ಈಗ್ಲೇ ಕಟ್ ಮಾಡು!"

"ಬೇಡ ಸರ್. ಸ್ವಲ್ಪ ತಡೀರಿ." ಅವನು ಅವಳ ಮುಖವನ್ನೂ ನೋಡಲಿಲ್ಲ. "ಗುರುದೇವಿಯವರೇ, ಲ್ಯಾಪ್‌ಟಾಪ್ ಮುಚ್ಚಿ. ಫೋನ್ ಸರ್ ಕೈಗೆ ಕೊಡಿ."

*ಕಳ್ಳಿ ಅಂತ ಸಾಬೀತು ಮಾಡೋಕೆ ಅಲ್ಲಿಂದ ಓಡಿ ಬಂದ್ನಾ? ಇವನನ್ನಾ ನಾನು ಇಷ್ಟು ಹಚ್ಕೊಂಡಿದ್ದು?* ಕಣ್ಣೀರು ದಳದಳ ಸುರಿಯಿತು. ಆದರೂ ಕೊಟ್ಟಳು.

ಅವನು ತನ್ನ ಲ್ಯಾಪ್‌ಟಾಪಿನಲ್ಲಿ, ಯಾರು ಯಾವಾಗ ಏನಿಟ್ಟರೆಂದು ದಾಖಲಾಗುವ ರಿಜಿಸ್ಟ್ರಿಯ ಲಾಗ್ ತೆರೆದು ಎಲ್ಲರಿಗೂ ಕಾಣುವಂತೆ ಇಟ್ಟ. ಶಿಫ್ಟ್ ಬದಲಾಗುವ ಹೊತ್ತು ಹತ್ತಿರವಾಗುತ್ತಿತ್ತು. ಅವನ ಹಣೆಯಲ್ಲಿ ಬೆವರು.

"ಇನ್ನೂ ಏನ್ ಕಾಯ್ತಿದೀಯಪ್ಪಾ?" ಜಿಯಾವುಲ್ಲಾ ರೇಗಿದರು.

ಆಗ ಪರದೆಯಲ್ಲಿ ಹೊಸ ಸಾಲು ಮೂಡಿತು.

ಗುರುದೇವಿ. ಹೊಸ ಇಮೇಜ್. ಈಗಷ್ಟೇ.

ಅವಳ ಲ್ಯಾಪ್‌ಟಾಪ್ ಮುಚ್ಚಿತ್ತು. ಫೋನ್ ಮಾಲೀಕರ ಕೈಯಲ್ಲಿತ್ತು. ಎಲ್ಲರ ಮೈ ಜುಮ್ಮೆಂದಿತು.

ಪಂಚಾಕ್ಷರಿ ತಟ್ಟನೆ ಆ ಕೀ ಕಟ್ ಮಾಡಿದ. ಸರ್ವರ್ ನೋಡಿಕೊಳ್ಳುವವನ ಅಧಿಕಾರ ಬಳಸಿ, ಹಳೆಯ ಅಸಲಿ ಇಮೇಜನ್ನು ಹುಡುಕಿ ಅದರ ಜಾಗದಲ್ಲಿ ಮತ್ತೆ ಕೂರಿಸಿದ. ಆಸ್ಪತ್ರೆಗಳು ಅದನ್ನೇ ಎಳೆದುಕೊಂಡವು.

"ನೋಡಿದ್ರಲ್ಲಾ ಸರ್? ಇವರಲ್ಲ. ಮೊದಲೇ ಕಟ್ ಮಾಡಿದ್ರೆ ಆ ಕಳ್ಳ ಅಲ್ಲಿಗೇ ನಿಲ್ಸಿಬಿಡ್ಬಹುದಿತ್ತು. ಅಪವಾದ ಮಾತ್ರ ಇವರ ತಲೆ ಮೇಲೇ ಉಳೀತಿತ್ತು."

ಜಿಯಾವುಲ್ಲಾ ತಲೆ ತಗ್ಗಿಸಿದರು. "ಬೇಜಾರ್ ಮಾಡ್ಕೋಬೇಡಮ್ಮಾ," ಎಂದು ಫೋನ್ ಕೊಟ್ಟು ಆಸ್ಪತ್ರೆಗಳಿಗೆ ವಿಷಯ ತಿಳಿಸಲು ಒಳಗೆ ಹೋದರು.

"ನನ್ನ ಕೀ ಹೊರಗೆ ಹೇಗ್ ಹೋಯ್ತು?" ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ಡೆಮೋಗೆ ಅಂತ ಹೊರಗಿನವರಿಗೆ ಒಂದು ಇಮೇಜ್ ಕಳಿಸಿದ್ರಿ. ಅದರೊಳಗೆ ಕೀ ಇಟ್ಟಿದ್ರಿ ತಾನೆ?"

"ಆಮೇಲೆ ಅಳಿಸಿದ್ನಲ್ರೀ!"

"ಇಮೇಜಿನ ಮೇಲಿನ ಪದರದಲ್ಲಿ ಅಳಿಸಿದ್ರಿ. ಕೆಳಗಿನ ಪದರದಲ್ಲಿ ಹಾಗೇ ಉಳ್ಕೊಂಡಿದೆ. ಬಿಚ್ಚಿ ನೋಡಿದವರಿಗೆ ಸಿಕ್ಕೇ ಸಿಗುತ್ತೆ."

ಅವಳು ಹಣೆ ಹಣೆ ಚಚ್ಚಿಕೊಂಡಳು. ಇಷ್ಟು ವರ್ಷ ಇದೇ ಕೆಲಸ ಮಾಡಿ ಎಂಥ ತಪ್ಪು!

"ಅವನು ಮತ್ತೆ ಬರ್ದೇ ಇದ್ದಿದ್ರೆ?"

"ಶಿಫ್ಟ್‌ಗೆ ಮುಂಚೆ ಹೇಗೂ ಕಟ್ ಮಾಡ್ತಿದ್ದೆ. ರೋಗಿಗಳ ಜೀವದ ಜೊತೆ ಆಟ ಆಡೋಕಾಗಲ್ಲ."

"ಆಗ ನಾನು ಕಳ್ಳಿ ಆಗ್ಬಿಡ್ತಿದ್ದೆ..."

"ಅವರಿಗೆಲ್ಲ ಆಗ್ತಿದ್ರಿ." ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ನನಗಲ್ಲ."

ಅವಳಿಗೆ ಮತ್ತೆ ಅಳು ಬಂತು. ಈ ಸಲದ ಅಳು ಬೇರೆ.

ಅಷ್ಟರಲ್ಲಿ ಪರದೆಯಲ್ಲಿ ಇನ್ನೊಂದು ಸಾಲು. ಗುರುದೇವಿ. ಪ್ರವೇಶವಿಲ್ಲ. ಅದರ ಬೆನ್ನಿಗೇ ಮತ್ತೊಂದು. ಅವನು ಯಾರೋ, ಎಲ್ಲಿದ್ದಾನೋ... ಅವಳ ಹೆಸರು ಹೇಳಿಕೊಂಡು ಇನ್ನೂ ಬಾಗಿಲು ಬಡಿಯುತ್ತಿದ್ದ.

"ಭಯ ಆಗ್ತಿದೆ, ಪಂಚಾಕ್ಷರಿ."

"ನಂಗೂ."

"ವಾಪಸ್ ಹೋಗ್ಬಿಡ್ತೀರಾ?"

"ಇಷ್ಟಪಟ್ಟವಳನ್ನ ಇಂಥ ಹೊತ್ತಲ್ಲಿ ಬಿಟ್ಟು ಎಲ್ಲಿಗ್ ಹೋಗ್ಲಿ?"

ಪರದೆಯ ಮೇಲೆ ಸಾಲುಗಳು ಬೀಳುತ್ತಲೇ ಇದ್ದವು. ಅವಳು ಪಕ್ಕದ ಕುರ್ಚಿಯನ್ನು ತನ್ನ ಹತ್ತಿರಕ್ಕೆ ಎಳೆದಳು.

"ಹಾಗಾದ್ರೆ ಕೂತ್ಕೋ."