ಎರಡು ಡಬ್ಬಿಯ ಕರ್ಪೂರ

"ಶಂಕ್ರವ್ವಾ, ನಿನ್ನ ಡಬ್ಬಿ ತಾ."

ಮಗ್ಗದ ಮುಂದೆ ಕುಳಿತಿದ್ದ ಶಂಕ್ರವ್ವನ ಕೈಯಿಂದ ಲಾಳಿ ಜಾರಿ ಬಿತ್ತು. ಬಾಗಿಲಲ್ಲಿ ತೋಟಪ್ಪ! ನರಗುಂದದ ಕಿರಾಣಿ ವ್ಯಾಪಾರಿ, ಅವಳ ಜೀವದ ಜೀವ... ಮಳೆಗಾಲಕ್ಕೆ ಮುಂಚೆ ಗಜೇಂದ್ರಗಡ ಬಿಟ್ಟವನು, ನರಗುಂದದ ಬಂಡಾಯದ ಗದ್ದಲದಲ್ಲಿ ಸಿಕ್ಕಿಕೊಂಡು ದೀಪಾವಳಿ ಹೊತ್ತಿಗೆ ಬಂದಿದ್ದ.

ಬದುಕಿದ್ದಾನೆ! ಅವಳ ಕಣ್ಣು ತುಂಬಿತು. ಮರುಗಳಿಗೆಗೇ ನೆನಪಾಯಿತು. ಅಯ್ಯೋ, ಡಬ್ಬಿ!

ಹೋಗುವಾಗ ಅವನು ಒಂದು ಕರ್ಪೂರದ ಗಟ್ಟಿಯನ್ನು ಎರಡು ಹೋಳು ಮಾಡಿ, ಕೆಂಪು ಬಣ್ಣದ ಎರಡು ಮರದ ಡಬ್ಬಿಗಳಲ್ಲಿ ಮೆಣಸಿನಕಾಳಿನ ಜೊತೆ ಹಾಕಿ, ಒಂದನ್ನು ಇವಳಿಗೆ ಕೊಟ್ಟಿದ್ದ.

"ನಾ ತಿರುಗಿ ಬಂದಾಗ ಎರಡೂ ಕೂಡಿಸಿ ಗುಡ್ಡದ ದೇವರ ಮುಂದ ಹಚ್ಚೂಣು. ಅದಽ ನಮ್ಮ ನಿಶ್ಚಯ. ಮನಸ್ಸಿಲ್ಲಂದ್ರ ನಿನ್ನ ಪಾಲು ಕೊಡಬ್ಯಾಡ."

ಅವಳ ಪಾಲೇ ಈಗ ಇರಲಿಲ್ಲ! ಯಾರೂ ಕದ್ದಿರಲಿಲ್ಲ, ಯಾರೂ ಹಚ್ಚಿರಲಿಲ್ಲ. ದಿನದಿಂದ ದಿನಕ್ಕೆ ಸಣ್ಣಗಾಗಿ, ಒಂದು ಮುಂಜಾನೆ ಡಬ್ಬಿ ಬರಿದಾಗಿತ್ತು. ಹೇಳಿದರೆ ಯಾರು ನಂಬುತ್ತಾರೆ? ಹುಡುಗಿ ಪೆದ್ದಿ ಅನ್ನಿ ಬೇಕಾದರೆ, ಸುಳ್ಳುಗಾತಿಯಂತೂ ಅಲ್ಲ.

"ಕೊಡಾಕ... ನನ್ನ ಹತ್ರ ಏನೂ ಇಲ್ರಿ."

ತೋಟಪ್ಪನ ಮುಖ ಸಪ್ಪಗಾಯಿತು. "ಜಕ್ಕಲಿ ಊರವರು ಮದುವಿಗೆ ನಿನ್ನ ಕೇಳಾಕ ಬಂದಿದ್ರಂತ. ಖರೇನಽ ಅಂದಂಗಾತು. ಸುಖವಾಗಿರವಾ."

ಅವನು ಹೊರಟೇಬಿಟ್ಟ. ಇನ್ನೂ ನಾಚಿಕೊಂಡು ಕೂತರೆ ಬಾಳೇ ಹೋದೀತು! ಶಂಕ್ರವ್ವ ಓಡಿ ಬಾಗಿಲಿಗೆ ಅಡ್ಡ ನಿಂತು, ಬರಿ ಡಬ್ಬಿಯನ್ನು ಅವನ ಕೈಗಿಟ್ಟಳು.

"ಯಾರಿಗೂ ಕೊಟ್ಟಿಲ್ರಿ! ನಿಮ್ಮ ಅಂಗೀಗೆ ಇದಽ ವಾಸನಿ ಇತ್ತಲ್ರಿ... ನೆನಪಾದಾಗೊಮ್ಮೆ ತೆಗೆದು ಮೂಸಿದೆ. ಮೆಣಸಿನ ಘಾಟು ಅಡ್ಡ ಬರತೈತಂತ ಒಳಗಿನ ಕಾಳು ಸಾರಿಗೆ ಹಾಕಿಬಿಟ್ಟೆ."

ತೋಟಪ್ಪ ಬರಿ ಡಬ್ಬಿಯನ್ನು ತೆರೆದು ಮೂಸಿದ. ಆಮೇಲೆ ನಗು ತಡೆಯಲಾಗಲಿಲ್ಲ.

"ಹುಚ್ಚಿ! ಕರ್ಪೂರ ಉಳೀಲಿ ಅಂತಽ ಮೆಣಸು ಹಾಕಿದ್ದೆ. ಮುಚ್ಚಳ ತೆಗೆದ್ರ ಅದು ಬೆಣ್ಣಿಯಂಗ ಕರಗಿ ನೀರಾಗೂದಿಲ್ಲ, ನೆಟ್ಟಗ ಗಾಳಿಗೆ ಹೋಗತೈತಿ."

"ಹಂಗಾರ ನನ್ನ ಪಾಲು ಎಲ್ಲಿ ಹೋತ್ರಿ?"

"ನಿನ್ನ ಉಸಿರಿಗೆ."

ಅವನು ತನ್ನ ಡಬ್ಬಿ ತೆರೆದ. ಮೆಣಸಿನಕಾಳಿನ ನಡುವೆ ಅರ್ಧ ಗಟ್ಟಿ ಹಾಗೆಯೇ ಇತ್ತು. ಈಗ ಶಂಕ್ರವ್ವನಿಗೆ ಸಿಟ್ಟು ಬಂತು ನೋಡಿ!

"ಅಂದ್ರ ನೀವು ಒಮ್ಮಿನೂ ತೆಗೀಲಿಲ್ಲ? ನನ್ನ ನೆನಪಽ ಬರಲಿಲ್ಲೇನ್ರಿ?"

ತೋಟಪ್ಪ ಡಬ್ಬಿ ಮುಚ್ಚಿ ಅವಳ ಮುಂದೆ ಹಿಡಿದ. ಮುಚ್ಚಳದ ಬಣ್ಣ ಹೆಬ್ಬೆರಳಿನಷ್ಟಗಲ ಸವೆದು ಮರ ಕಾಣುತ್ತಿತ್ತು.

"ತೆಗೆದ್ರ ಹೋಗತೈತಂತ ಅಂಜಿ, ಮ್ಯಾಲ ಮ್ಯಾಲ ಸವರಕೊಂತ ಕುಂತೆ."

ಶಂಕ್ರವ್ವ ಆ ಸವೆದ ಜಾಗದ ಮೇಲೆ ಬೆರಳಿಟ್ಟಳು. ಅಳು, ನಗು ಎರಡೂ ಒಟ್ಟಿಗೇ ಬಂದವು.

ಅವನು ಅರ್ಧವನ್ನೇ ಮತ್ತೆ ಮುರಿದು ಒಂದು ಚೂರು ಅವಳ ಅಂಗೈಗೆ ಹಾಕಿದ.

"ಗುಡ್ಡಕ್ಕ ನಾನೂ ಬರ್ತೇನಿ, ತಡೀರಿ!" ಒಳಗಿನಿಂದ ಅವಳಪ್ಪ ಹೇಮಪ್ಪ ಕೂಗಿದ. ಜಕ್ಕಲಿಯವರಿಗೆ ಉತ್ತರ ಸಿಕ್ಕಿತ್ತು.

"ಲಗೂ ನಡಿ, ಶಂಕ್ರಿ... ಇದೂ ಗಾಳಿಗೆ ಹೋದೀತು."

"ಹೋಗ್ಲಿ ಬಿಡ್ರಿ. ಈಗ ನೀವಽ ಬಂದೀರಲ್ಲ!"