ರಿಯಾಕ್ಟಿವ್ ಅಂದ್ರೆ ಒಳ್ಳೇದು

“ಇದು ನಡೆಯಲ್ಲ. ವಾಪಸ್ ತಗೊಂಡು ಹೋಗಿ.”

ಅವಳು ಕೆಲಸಕ್ಕೆ ಸೇರಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಎದುರಿಗೆ ತುಂಡು ಬಟ್ಟೆ ಹಿಡಿದು ನಿಂತಿದ್ದವನು ಹನ್ನೆರಡು ವರ್ಷದಿಂದ ಅದೇ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕಿಸುತ್ತಿದ್ದ ಮೇಸ್ತ್ರಿ. ಅವನ ಬಣ್ಣವನ್ನು ಮುಖಕ್ಕೆ ಹೊಡೆದ ಹಾಗೆ ಬೇಡ ಎಂದವರು ಅಲ್ಲಿಯ ತನಕ ಯಾರೂ ಇರಲಿಲ್ಲ.

“ಮೇಡಂ, ಈ ನೀಲಿ ನಾನು ಕಣ್ಣು ಮುಚ್ಕೊಂಡು ಮಾಡ್ತೀನಿ.”

“ಅದಕ್ಕೇ ಹೀಗಾಗಿರೋದು. ಈ ಸಲ ಕಣ್ಣು ಬಿಟ್ಕೊಂಡು ಮಾಡಿ.”

ಬಾಗಿಲ ಬಳಿ ನಿಂತಿದ್ದ ನಾಲ್ಕು ಜನ ಉಸಿರು ಬಿಗಿಹಿಡಿದರು. ಮೇಸ್ತ್ರಿ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಒಯ್ದ. ಮಾದರಿ ತುಂಡಿನ ಪಕ್ಕದಲ್ಲಿಟ್ಟು ನೋಡಿದ, ತಿರುಗಿಸಿ ನೋಡಿದ.

“ಸ್ವಲ್ಪ ಹಸಿರು ಬಿದ್ದಿದೆ...” ಎಂದ ಮೆಲ್ಲಗೆ.

ಆಮೇಲೆ ಅವಳತ್ತ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಈಗ ಆ ಕಾರ್ಖಾನೆ ಇಲ್ಲ. ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಆದರೆ ಅಲ್ಲಿ ಕೆಲಸ ಮಾಡಿದ್ದವರು ಯಾರೇ ಸಿಗಲಿ, ಮಾತು ಐದು ನಿಮಿಷದೊಳಗೆ ಬಿಸಿನೀರಿನ ಹಬೆಗೆ, ಸದಾ ಒದ್ದೆಯಾಗಿರುತ್ತಿದ್ದ ನೆಲಕ್ಕೆ, ಬಣ್ಣ ತಾಳೆ ನೋಡುವ ಶೇಡ್ ರೂಮಿನ ಉತ್ತರದ ಕಿಟಕಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ನೇರವಾಗಿ ಅವರಿಬ್ಬರ ಕಥೆಗೆ.

ಬಣ್ಣ ಮಾದರಿಗೆ ಹೊಂದುತ್ತದೆಯೇ ಇಲ್ಲವೇ ಎಂದು ಹೇಳುವುದು ಅವಳ ಕೆಲಸ. ವಾರದೊಳಗೆ ಅವಳಿಗೆ ‘ಶೇಡಮ್ಮ’ ಎಂದು ಹೆಸರು ಬಿತ್ತು. ಇಟ್ಟವನು ಯಾರೆಂದು ಬೇರೆ ಹೇಳಬೇಕಿಲ್ಲ.

ಆ ಕಾರ್ಖಾನೆಗೆ ಅದರದ್ದೇ ಒಂದು ಭಾಷೆ ಇತ್ತು. ಹತ್ತಿಬಟ್ಟೆಯ ಎಳೆಯೊಳಗೆ ಇಳಿದು, ಎಷ್ಟು ಒಗೆದರೂ ಬಿಡದೆ ಕೂರುವ ಬಣ್ಣಕ್ಕೆ ‘ರಿಯಾಕ್ಟಿವ್’ ಎನ್ನುತ್ತಾರೆ. ಅಲ್ಲಿಯವರು ಆ ಪದವನ್ನು ಬಣ್ಣಕ್ಕಷ್ಟೇ ಬಿಡಲಿಲ್ಲ. ಟೀ ಚೆನ್ನಾಗಿದ್ದರೆ ‘ರಿಯಾಕ್ಟಿವ್ ಟೀ’. ಮುರಿದುಬಿದ್ದ ಸಂಬಂಧ, ಕೆಟ್ಟುನಿಂತ ಪಂಪು, ಮಾತಿಗೆ ತಪ್ಪಿದ ಮ್ಯಾನೇಜರು... ಎಲ್ಲವೂ ‘ನಾನ್-ರಿಯಾಕ್ಟಿವ್’.

ಒಂದು ದಿನ ಅವಳು ಟೀ ಲೋಟ ಕೈಗೆ ಕೊಡುತ್ತ ಕೇಳಿದಳು. “ಮೇಸ್ತ್ರಿ, ನಾನು ಹೇಗೆ?”

“ಏನು ಹೇಗೆ?”

“ರಿಯಾಕ್ಟಿವ್ವೋ, ಅಲ್ವೋ?”

ಅವನು ಟೀ ಗಂಟಲಿಗೆ ಹತ್ತಿಸಿಕೊಂಡು ಕೆಮ್ಮಿದ. ಅದೇ ಉತ್ತರವಾಯಿತು.

ಆರು ತಿಂಗಳಲ್ಲಿ ‘ನೀವು’ ಹೋಗಿ ‘ನೀನು’ ಬಂತು. ಒಂದು ರಜೆಯ ಮಧ್ಯಾಹ್ನ ಅವನ ಬಾಡಿಗೆ ಕೋಣೆಯಲ್ಲಿ, ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿಗಳ ನೆರಳು ಗೋಡೆಯ ಮೇಲೆ ಓಡಾಡುತ್ತಿದ್ದಾಗ, ಇಬ್ಬರೂ ಒಬ್ಬರಲ್ಲೊಬ್ಬರು ಕರಗಿಹೋದರು. ಜಾಗ್ರತೆಯ ಮಾತು ಇಬ್ಬರ ತಲೆಗೂ ಬರಲಿಲ್ಲ. ಅಂಥ ಹೊತ್ತಿನಲ್ಲಿ ಯಾರ ತಲೆಗೆ ಬರುತ್ತದೆ ಎನ್ನುತ್ತೇವೆ, ಬರಬೇಕಿತ್ತು. ಆಮೇಲಿನ ಎರಡು ರಜೆಗಳಲ್ಲೂ ಬರಲಿಲ್ಲ.

ಒಂದು ತಿಂಗಳ ಮೇಲೆ ಮೇಸ್ತ್ರಿ ಬಸ್ ನಿಲ್ದಾಣದಲ್ಲಿ ನಿಂತು ಒಂದು ಪೋಸ್ಟರ್ ಓದಿದ. ‘ನೋವಿಲ್ಲದ ಹುಣ್ಣು ತಾನಾಗಿ ಮಾಯಬಹುದು. ರೋಗ ಒಳಗೇ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ.’ ಮತ್ತೊಮ್ಮೆ ಓದಿದ. ಅಂಥದ್ದೊಂದು ಅವನಿಗೆ ಆಗಿತ್ತು, ಎಂಟು ತಿಂಗಳ ಹಿಂದೆ. ಶೇಡಮ್ಮ ಬರುವ ಮೊದಲು ಹೊಲಿಗೆ ವಿಭಾಗದ ಒಬ್ಬಳ ಜೊತೆ ಸ್ವಲ್ಪ ಕಾಲ ಇದ್ದ. ಅವಳು ಬೇರೆ ಊರಿಗೆ ಕೆಲಸಕ್ಕೆ ಹೋದಳು, ಹುಣ್ಣು ತಾನಾಗಿ ಮಾಯಿತು, ಅವನು ಎರಡನ್ನೂ ಮರೆತಿದ್ದ.

ಇದನ್ನು ಮೊದಲಿನಿಂದ ಹೇಳಿದ್ದರೆ ಕಥೆ ಇಷ್ಟು ಉದ್ದವಾಗುತ್ತಿರಲಿಲ್ಲ. ಅವನು ಬಾಲದಿಂದ ಶುರುಮಾಡಿದ.

“ನೀನೊಂದು ಸಲ ರಕ್ತ ಪರೀಕ್ಷೆ ಮಾಡಿಸ್ಕೊ.”

“ಯಾಕೆ?”

“ಸುಮ್ನೆ... ಲೈಂಗಿಕ ರೋಗ ಏನಾದ್ರೂ ಇದ್ರೆ ಗೊತ್ತಾಗುತ್ತೆ ಅಂತ.”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ‘ಇವನೊಬ್ಬನನ್ನೇ ನಂಬಿದೆ. ನನ್ನನ್ನೇ ಕೇಳುತ್ತಿದ್ದಾನೆ.’

“ನನ್ನ ಮೇಲೆ ಅನುಮಾನನಾ?”

“ಅಲ್ಲ, ಶೇಡಮ್ಮ...”

“ಸಾಕು.” ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು.

ಮರುದಿನ ಅವನೊಬ್ಬನೇ ಪರೀಕ್ಷಾ ಕೇಂದ್ರಕ್ಕೆ ಹೋದ. ಚೀಟಿಯಲ್ಲಿ ಸುಳ್ಳು ಹೆಸರು ಬರೆದ. ಫೋನ್ ನಂಬರಿನ ಕೊನೆಯ ಎರಡು ಅಂಕಿ ತಿರುವುಮುರುವು ಮಾಡಿದ. ರಿಪೋರ್ಟ್ ಬಂದ ದಿನ, “ಕೂತ್ಕೊಳ್ಳಿ, ವಿವರಿಸ್ತೀನಿ” ಎಂದ ಆಪ್ತ ಸಲಹೆಗಾರ್ತಿಯ ಕೈಯಿಂದ ಹಾಳೆ ತೆಗೆದುಕೊಂಡು ನಿಂತಲ್ಲೇ ಓದಿದ.

ಎಚ್‌ಐವಿ: ನಾನ್-ರಿಯಾಕ್ಟಿವ್.

ಮುಂದಿನ ಸಾಲು ಕಣ್ಣಿಗೆ ಮಂಜಾಗಿ ಕಂಡಿತು. ಅವರು ಕರೆಯುತ್ತಲೇ ಇದ್ದರು, ಅವನು ಮೆಟ್ಟಿಲಿಳಿದು ರಸ್ತೆಗೆ ಬಂದಿದ್ದ. ಹನ್ನೆರಡು ವರ್ಷ ಅವನ ಬಾಯಲ್ಲಿ ಆ ಪದ ಹಾಳಾದದ್ದಕ್ಕೆ, ಕೈಬಿಟ್ಟದ್ದಕ್ಕೆ ಮಾತ್ರ ಬಳಕೆಯಾಗಿತ್ತು. ಅದಕ್ಕೆ ಬೇರೆ ಅರ್ಥ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ‘ಮುಗೀತು. ಅವಳನ್ನೂ ಮುಗಿಸಿಬಿಟ್ಟೆ...’

ಅಂದಿನಿಂದ ಅವನು ಬೇರೆ ಪಾಳಿಗೆ ಹಾಕಿಸಿಕೊಂಡ. ಬಣ್ಣದ ತುಂಡುಗಳನ್ನು ಬೇರೆಯವರ ಕೈಯಲ್ಲಿ ಕಳಿಸಿದ. ಅವಳು ಎದುರಾದರೆ ಹಬೆಯೊಳಗೆ ನುಸುಳಿದ. ಹತ್ತನೇ ದಿನ ಅವನು ರಾಜೀನಾಮೆ ಕೊಟ್ಟ ಸುದ್ದಿ ಶೇಡ್ ರೂಮಿಗೆ ಬಂತು.

‘ಬೇಕಾದ್ದು ಸಿಕ್ಕಿತು, ಹೊರಟ.’ ಹಾಗೆಂದುಕೊಂಡರೆ ಸಿಟ್ಟು ಬರಬೇಕಿತ್ತು. ಅಳು ಬಂತು.

ಅವಳು ಇದ್ದದ್ದು ಅಣ್ಣನ ಮನೆಯಲ್ಲಿ. ಅತ್ತಿಗೆಯ ಕಣ್ಣು ತಪ್ಪಿಸುವುದು ಯಾರಿಂದಲೂ ಆಗದ ಕೆಲಸ.

“ಮೂರು ದಿನದಿಂದ ತಟ್ಟೆ ಮುಂದೆ ಕೂತು ಎದ್ದು ಹೋಗ್ತಿದೀಯ. ಹೇಳು.”

ಹೇಳಿದಳು. ಕೋಣೆ, ರಜೆ, ರಕ್ತ ಪರೀಕ್ಷೆಯ ಮಾತು, ಎಲ್ಲ. ಅತ್ತಿಗೆ ಬೈಯುತ್ತಾರೆಂದು ತಲೆ ತಗ್ಗಿಸಿ ಕೂತಳು. ಅತ್ತಿಗೆ ಕೈಯಲ್ಲಿದ್ದ ಚಾಕು ಕೆಳಗಿಟ್ಟರು, ಅಷ್ಟೇ.

“ಅವನ ಮೇಲಿನ ಸಿಟ್ಟು ಆಮೇಲೆ ತೀರಿಸ್ಕೊ. ಪರೀಕ್ಷೆ ಅವನಿಗೋಸ್ಕರ ಅಲ್ಲ, ನಿನಗೋಸ್ಕರ. ನಾನೂ ಬರ್ತೀನಿ.”

“ಅಣ್ಣನಿಗೆ...”

“ನಿಮ್ಮಣ್ಣನಿಗೆ ಅವನ ಕನ್ನಡಕ ಎಲ್ಲಿದೆ ಅಂತಾನೇ ಗೊತ್ತಿರಲ್ಲ. ನಡಿ.”

ಆ ಕೇಂದ್ರದ ಹಸಿರು ಬೆಂಚು ಅವಳಿಗೆ ಇವತ್ತಿಗೂ ನೆನಪಿದೆ. ಎಲ್ಲರೂ ಒಬ್ಬರನ್ನೊಬ್ಬರು ನೋಡದಂತೆ ಕೂತಿದ್ದರು, ನೋಡಿಯೂ ಇದ್ದರು. ಅತ್ತಿಗೆ ಮಾತ್ರ ದಂತವೈದ್ಯರ ಬಳಿ ಬಂದವರಂತೆ ಆರಾಮವಾಗಿ ಪತ್ರಿಕೆ ಓದುತ್ತಿದ್ದರು.

ಸಲಹೆಗಾರ್ತಿ ರಿಪೋರ್ಟನ್ನು ಮೇಜಿನ ಮೇಲೆ ಬಿಡಿಸಿ ಬೆರಳಿಟ್ಟು ತೋರಿಸಿದರು. ಮೂರು ಸಾಲು. ಮೂರರಲ್ಲೂ ‘ನಾನ್-ರಿಯಾಕ್ಟಿವ್’.

ಅವಳು ಮೇಜಿನ ಅಂಚು ಹಿಡಿದುಕೊಂಡಳು.

“ಯಾಕಮ್ಮ, ಹೀಗೆ ಬಿಳಿಚ್ಕೊಂಡ್ರಿ? ಏನೂ ಇಲ್ಲ ಅಂತ ಬಂದಿದೆ. ಮೂರು ತಿಂಗಳು ತುಂಬಿದ ಮೇಲೆ ಇನ್ನೊಂದು ಸಲ ನೋಡಬೇಕು. ಇಷ್ಟು ಬೇಗ ನೋಡಿದ್ರೆ ಕೆಲವು ಸಲ ಗೊತ್ತಾಗಲ್ಲ.”

“ನಾನ್-ರಿಯಾಕ್ಟಿವ್ ಅಂದ್ರೆ... ಒಳ್ಳೇದಾ?”

“ಮತ್ತೆ? ರಕ್ತದಲ್ಲಿ ಕಾಯಿಲೆ ಗುರುತು ಸಿಗಲಿಲ್ಲ ಅಂತ.”

“ನಮ್ಮ ಕಾರ್ಖಾನೇಲಿ ಕೆಟ್ಟದ್ದಕ್ಕೆ ಹಾಗಂತೀವಿ.” ಹೇಳುತ್ತ ಹೇಳುತ್ತ ಅವಳು ಎದ್ದು ನಿಂತಳು. ಪಾಳಿ ಬದಲಾಯಿಸಿದ್ದು, ಹಬೆಯಲ್ಲಿ ಮರೆಯಾದದ್ದು, ರಾಜೀನಾಮೆ... ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಅವನೂ ಪರೀಕ್ಷೆ ಮಾಡಿಸಿಕೊಂಡು ಇಂಥದ್ದೇ ಹಾಳೆಯನ್ನು ತಪ್ಪಾಗಿ ಓದಿದ್ದಾನೆ. “ಅಯ್ಯೋ ಪೆದ್ದ...”

ಅವನ ಕೋಣೆಯಲ್ಲಿ ಹಗ್ಗ ಬರಿದಾಗಿತ್ತು. ಬಟ್ಟೆಯೆಲ್ಲ ಪೆಟ್ಟಿಗೆಯೊಳಗಿತ್ತು. ಅವಳನ್ನು ಕಂಡದ್ದೇ ಅವನು ಗೋಡೆಗೆ ಅಂಟಿ ನಿಂತ.

“ರಿಪೋರ್ಟ್ ಕೊಡು.”

“ಶೇಡಮ್ಮ, ನನ್ನ ಹತ್ರ ಬರಬೇಡ. ನಿನಗೆ ಗೊತ್ತಿಲ್ಲ...”

“ಕೊಡು ಅಂದೆ.”

ನಾಲ್ಕು ಮಡಿಕೆಯ ಹಾಳೆ ಅಂಗಿಯ ಜೇಬಿನಿಂದ ಬಂತು. ಅವಳು ಅದನ್ನು ಕಿಟಕಿಯ ಬಳಿ ಒಯ್ದು ಓದಿದಳು. ಎಚ್‌ಐವಿ, ನಾನ್-ರಿಯಾಕ್ಟಿವ್. ಹೆಪಟೈಟಿಸ್, ನಾನ್-ರಿಯಾಕ್ಟಿವ್. ಸಿಫಿಲಿಸ್, ರಿಯಾಕ್ಟಿವ್.

“ಮೂರರಲ್ಲಿ ಅದೊಂದೇ ಚೆನ್ನಾಗಿರೋದು,” ಎಂದ ಅವನು ಸೋತ ದನಿಯಲ್ಲಿ.

ಅವಳಿಗೆ ನಗು ಒತ್ತಿ ಬಂತು. ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

“ಮೂರರಲ್ಲಿ ಅದೊಂದೇ ಕೆಟ್ಟಿರೋದು, ಮೇಸ್ತ್ರಿ. ಇಲ್ಲಿ ಉಲ್ಟಾ. ನಾನ್-ರಿಯಾಕ್ಟಿವ್ ಅಂದ್ರೆ ಇಲ್ಲ ಅಂತ. ಇದಕ್ಕೆ ಇಂಜೆಕ್ಷನ್ ಇದೆ, ವಾಸಿಯಾಗುತ್ತೆ ಅಂತ ಆ ಕೇಂದ್ರದ ಗೋಡೆ ಮೇಲೇ ಬರೆದಿದೆ.”

ಅವನು ಪೆಟ್ಟಿಗೆಯ ಮೇಲೆ ಕೂತ. ಮುಖ ಮುಚ್ಚಿಕೊಂಡು ಅತ್ತ. ಅವಳ ಕೈ ಅವನ ತಲೆಯ ಮೇಲೆ ಹೋಗಬೇಕಿತ್ತು, ಹೋಗಲಿಲ್ಲ.

“ನನಗೂ ಅಂಟಿರಬಹುದು ಅಂತ ನಿನಗೆ ಗೊತ್ತಿತ್ತಲ್ವಾ?”

ಅವನು ತಲೆಯಾಡಿಸಿದ.

“ಗೊತ್ತಿದ್ದೂ ಪೆಟ್ಟಿಗೆ ಕಟ್ಟಿದೆ. ನನ್ನ ಮೈಯ ಸುದ್ದಿ. ನನಗೇ ಹೇಳದೆ.”

“ಮೂರು ಸಲ ಶೇಡ್ ರೂಮಿನ ಬಾಗಿಲ ತನಕ ಬಂದೆ. ಬಾಯಿ ಬರಲಿಲ್ಲ.”

“ನಿನ್ನ ಕಾಯಿಲೆಗೆ ನನಗೆ ಸಿಟ್ಟಿಲ್ಲ. ಆ ಬಾಗಿಲಿಂದ ವಾಪಸ್ ಹೋದೆಯಲ್ಲ, ಅದಕ್ಕೆ ಸಿಟ್ಟು. ಇನ್ನೂ ಇದೆ.”

ಆಗ ಅವನು ಮೊದಲಿನಿಂದ ಹೇಳಿದ. ಹುಣ್ಣು, ಪೋಸ್ಟರ್, ಹೊಲಿಗೆ ವಿಭಾಗದವಳು. ಶೇಡಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದಳು. ಎದೆಯಲ್ಲಿ ಚುಚ್ಚಿದ್ದನ್ನು ಮುಖಕ್ಕೆ ತರಲಿಲ್ಲ.

“ಅವಳಿಗೆ ಹೇಳಿದ್ಯಾ?”

“ಇಲ್ಲ.”

“ಫೋನ್ ಮಾಡು. ಈಗಲೇ. ನಾನು ಹೊರಗಿರ್ತೀನಿ.”

ಮುಚ್ಚಿದ ಬಾಗಿಲಾಚೆ ಅವನು ತಡವರಿಸುವುದು ಅವಳಿಗೆ ಕೇಳಿಸಿತು. “ನೀನೂ ಪರೀಕ್ಷೆ ಮಾಡಿಸ್ಕೊ... ತಪ್ಪು ಯಾರದ್ದು ಅಂತ ಕೇಳೋಕೆ ಫೋನ್ ಮಾಡಿಲ್ಲ... ವಾಸಿಯಾಗುತ್ತಂತೆ.” ಆ ಕೊನೆಯ ಮಾತು ಕೇಳಿ ಅವಳ ಸಿಟ್ಟಿನ ಗಂಟು ಒಂದು ಸುತ್ತು ಸಡಿಲವಾಯಿತು. ಅವನು ಕೆಟ್ಟವನಲ್ಲ, ಹೆದರಿದವನು. ಅವನಿಲ್ಲದೆ ತನಗೆ ಆಗುವುದಿಲ್ಲ ಎಂದು ಅವಳಿಗೆ ಅಲ್ಲೇ, ಆ ಜಗಲಿಯಲ್ಲೇ ತಿಳಿದುಹೋಯಿತು.

ಮರುದಿನ ಅವನು ಚೀಟಿಯಲ್ಲಿ ನಿಜವಾದ ಹೆಸರು ಬರೆದ. ಇನ್ನೊಂದು ಪರೀಕ್ಷೆಯಲ್ಲೂ ಅದೇ ಖಚಿತವಾಯಿತು. ಜೊತೆಯಲ್ಲಿದ್ದವಳೆಂದು ಅವಳಿಗೂ ಮುನ್ನೆಚ್ಚರಿಕೆಗೆ ಇಂಜೆಕ್ಷನ್ ಕೊಟ್ಟರು. ಸೊಂಟದ ಕೆಳಗೆ, ಭಾರೀ ನೋವಿನದು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಇಬ್ಬರೂ ನಿಂತೇ ಬಂದರು. ಕಂಡಕ್ಟರು ಎರಡು ಸಲ ಕೂರಿ ಎಂದ. ಮೂರನೇ ಸಲ ಅವಳಿಗೆ ನಗು ತಡೆಯಲಾಗದೆ ಅವನ ತೋಳಿಗೆ ಹಣೆ ಒತ್ತಿದಳು. ಎಷ್ಟೋ ದಿನದ ಮೇಲೆ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

ಅವನು ರಾಜೀನಾಮೆ ಹಿಂದಕ್ಕೆ ತೆಗೆದುಕೊಂಡ. ಆದರೆ ಮೂರು ತಿಂಗಳು ಅವರು ಸಂಯಮದಿಂದಲೇ ಇದ್ದರು. ಸಂಜೆ ಕಾರ್ಖಾನೆಯ ಗೇಟಿನಿಂದ ಅಣ್ಣನ ಮನೆಯ ತಿರುವಿನ ತನಕ ನಡೆಯುವುದು, ಬೀದಿದೀಪ ಹತ್ತಿದ ಮೇಲೂ ಮಾತು ಮುಗಿಯದೆ ನಿಲ್ಲುವುದು. ಬಾಳಿನ ಅತ್ಯಂತ ಸಿಹಿ ದಿನಗಳು ಯಾವುವು ಎಂದು ಈಗ ಕೇಳಿದರೆ ಇಬ್ಬರೂ ಆ ಮೂರು ತಿಂಗಳನ್ನೇ ಹೇಳುತ್ತಾರೆ. ಅವರ ಮಾತೆಲ್ಲ ಆಡಿ ಮುಗಿದದ್ದು ಆಗಲೇ ಇರಬೇಕು, ಈಗ ಅಷ್ಟು ಮಾತಿಲ್ಲ.

ಕೊನೆಯ ರಿಪೋರ್ಟ್ ಬಂದ ದಿನ ಸಲಹೆಗಾರ್ತಿಯೇ ಓದಿ ಹೇಳಿದರು. “ಇಬ್ಬರದ್ದೂ ಎಚ್‌ಐವಿ ಇಲ್ಲ. ಇವರ ಸಿಫಿಲಿಸ್‌ಗೆ ಚಿಕಿತ್ಸೆ ಹಿಡಿದಿದೆ, ನಡುನಡುವೆ ಬಂದು ತೋರಿಸ್ತಿರಲಿ. ನಿಮಗೆ ಅಂಟಿಲ್ಲ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಬಿಸಿಲು ಹಿತವಾಗಿತ್ತು.

“ಶೇಡಮ್ಮ, ಆವತ್ತು ನಿನ್ನ ಬಿಟ್ಟು ಹೋಗ್ತಿದ್ದೆನಲ್ಲ... ಅದು ನಿನ್ನ ಮೇಲಿನ ಪ್ರೀತಿ ಅಂದ್ಕೊಂಡಿದ್ದೆ. ಅಲ್ಲ. ಅದು ನನ್ನ ಹೆದರಿಕೆ. ಪ್ರೀತಿ ಏನಂತ ನೀನು ಬಾಗಿಲು ತಟ್ಟಿದಾಗ ಗೊತ್ತಾಯ್ತು.”

ಅವಳು ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು.

“ಸಿಟ್ಟು ಇನ್ನೂ ಇದ್ಯಾ?” ಎಂದ.

“ಸ್ವಲ್ಪ ಉಳಿಸ್ಕೊಂಡಿದೀನಿ, ಮುಂದಕ್ಕೆ ಬೇಕಾಗುತ್ತೆ.”

“ಮುಂದಕ್ಕೆ ಅಂದ್ರೆ... ಜೊತೇಲಿರ್ತೀಯಾ?”

“ಇರ್ತೀನಿ. ಒಂದು ಷರತ್ತು. ಇನ್ಮೇಲೆ ಯಾವ ಕಾಗದ ಬಂದ್ರೂ ಇಬ್ಬರೂ ಒಟ್ಟಿಗೆ ಕೂತು ಓದೋಣ.”

“ಮದುವೆ ಕಾಗದಾನೂ?”

“ಅದನ್ನ ನಾನು ಓದಿ ಹೇಳ್ತೀನಿ,” ಎಂದಳು ಅವನ ಭುಜಕ್ಕೆ ಒರಗಿ. “ನೀನು ಸಹಿ ಮಾಡು, ಸಾಕು.”