ಮಿಲಿಗ್ರಾಮಿಗೆ ಮಿಲಿಲೀಟರ್ ಕೂಡಿಸದ ಭಾಷೆ

ಬೆಳಿಗ್ಗೆ ಒಂಬತ್ತೂವರೆಗೆ ಅವನು ಆಫೀಸಿಗೆ ಬಂದ. ಹತ್ತಕ್ಕೆ ಮ್ಯಾನೇಜರ್ ಮೇಡಂ ಬರುವವರಿದ್ದರು. ನಡುವಿನ ಅರ್ಧ ಗಂಟೆಯಲ್ಲಿ ಅವನು ಒಂದು ಪ್ರೋಗ್ರಾಮಿಂಗ್ ಭಾಷೆಯ ಪರವಾಗಿ ಮಾತು ಹುಡುಕಬೇಕಿತ್ತು.

ಆಸ್ಪತ್ರೆಗಳಿಗಾಗಿ ಔಷಧದ ಪ್ರಮಾಣವನ್ನು ಲೆಕ್ಕ ಹಾಕುವ ಸಾಫ್ಟ್‌ವೇರನ್ನು ಅವನು ಆ ಹೊಸ ಭಾಷೆಯಲ್ಲಿ ಬರೆಯುತ್ತಿದ್ದ. ಮೇಡಂ ಒಪ್ಪದಿದ್ದರೆ ಕೆಲಸ ಹಳೆಯ ಭಾಷೆಗೆ ಮರಳುತ್ತಿತ್ತು, ಅವನು ಮೇಲಿನ ಮಹಡಿಯ ಹಳೆಯ ತಂಡಕ್ಕೆ. ಆಮೇಲೆ ಎದುರು ಮೇಜಿನ ಟೆಸ್ಟರ್ ಕಣ್ಣಿಗೆ ಬೀಳುವುದೇ ಅಪರೂಪ.

ಅವನ ಕೋಡಿನಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ಅದರಲ್ಲಿ ಅವಳು ಎಂದೂ ದಾಕ್ಷಿಣ್ಯ ತೋರಿದವಳಲ್ಲ.

"ಬರ್ಕೊಂಡಿದ್ದನ್ನ ಓದಿ ಸಾಹೇಬ್ರೇ," ಎಂದಳು, ಗಲ್ಲಕ್ಕೆ ಕೈಕೊಟ್ಟು.

"ಸುಂದರ, ಸದೃಢ, ಸುರಕ್ಷಿತ..."

"ಇದೇನು, ಸೋಪಿನ ಜಾಹೀರಾತಾ?"

"ನಗಬೇಡಿ. ಇಷ್ಟ ಅಂತ ಗೊತ್ತು. ಯಾಕೆ ಇಷ್ಟ ಅಂತ ಕೇಳಿದ್ರೆ ಮಾತೇ ಹೊರಡ್ತಿಲ್ಲ."

ಅವಳ ಕಣ್ಣಂಚಿನ ತುಂಟತನ ಒಂದು ಕ್ಷಣ ತಡೆಯಿತು. "ಹೊಗಳೋದು ಬಿಡಿ. ಇದು ಬಂದ ಮೇಲೆ ನಿಮಗೇನಾಯ್ತು, ಅದನ್ನ ಹೇಳಿ."

ಅವನು ಯೋಚಿಸಿದ. "ನಿದ್ದೆ ಬರ್ತಿದೆ."

"ಈಗ್ಲಾ?"

"ಅಯ್ಯೋ, ಅಲ್ಲ ರೀ! ಮೊದ್ಲು ಮನೆಗೆ ಹೋದ್ರೂ ತಲೇಲಿ ಹುಳ ಕೊರೀತಿತ್ತು. ಎಲ್ಲಾದ್ರೂ ಮಿಲಿಗ್ರಾಮಿಗೆ ಮಿಲಿಲೀಟರ್ ಕೂಡಿಸಿಬಿಟ್ನಾ, ಯಾರದೋ ಮಗೂಗೆ ಔಷಧ ಹೆಚ್ಚಾಗುತ್ತಾ ಅಂತ. ಇದ್ರಲ್ಲಿ ಅಂಥ ಲೆಕ್ಕ ಬರೆದ್ರೆ, ಪ್ರೋಗ್ರಾಂ ಓಡೋಕೇ ಬಿಡಲ್ಲ. ನಾನು ನೆಮ್ಮದಿಯಾಗಿ ಮಲಗ್ತೀನಿ."

"ಇಷ್ಟೇ ಹೇಳಿ. ಒಂದಕ್ಷರ ಸೇರಿಸಿದ್ರೆ ನೋಡಿ!"

ಹತ್ತಕ್ಕೆ ಮೇಡಂ ಬಂದು ಕೂತಾಗ ಅವನು ಅಷ್ಟನ್ನೇ ಹೇಳಿದ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹಳೇ ಭಾಷೇಲಿ ಬರೆಯೋವಾಗ ನಾನೂ ನಿದ್ದೆಗೆಟ್ಟವಳೇ. ಸರಿ, ಇದ್ರಲ್ಲೇ ಮುಂದುವರಿಸಿ," ಎಂದು ಎದ್ದು ಹೋದರು.

ಬಾಗಿಲು ಮುಚ್ಚಿತು. ಅವನು ಬಿಗಿಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟ. ಆ ಹಗುರದಲ್ಲಿ, ಎದುರು ಕೂತವಳಿಗೆ ಹೇಳದೆ ಉಳಿದಿದ್ದ ಬಹುದಿನದ ಮಾತೂ ಹೊರಬಿತ್ತು.

"ನಿಮ್ಮ ವಿಷಯದಲ್ಲಿ ನಂಗೊಂದು ಅನುಮಾನ ಇತ್ತು. ನೀವು ಎದುರಿಗೆ ಕೂತ್ರೆ ಎದೆ ಢವಢವ ಅನ್ನಲ್ಲ. ಇದ್ದ ಗಾಬರೀನೂ ಇಳಿದು ಹೋಗುತ್ತೆ. ಹಾಗಾಗಿ ಇದು ಪ್ರೀತಿ ಅಲ್ವೇನೋ ಅಂದ್ಕೊಂಡು ಸುಮ್ನಿದ್ದೆ."

ಟೆಸ್ಟರ್ ಅವನ ಮುಖವನ್ನು ಸಾವಕಾಶವಾಗಿ, ಹಣೆಯಿಂದ ಗಲ್ಲದವರೆಗೆ, ಪರೀಕ್ಷಿಸಿದಳು. ತಪ್ಪು ಸಿಗಲಿಲ್ಲ.

"ನಂಗೂ ಅಷ್ಟೇ ಕಣೋ," ಎಂದಳು, ಮೊದಲ ಬಾರಿಗೆ ಏಕವಚನದಲ್ಲಿ. "ನಾನೂ ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಅವಳ ಕೈ ಮೇಜು ದಾಟಿ ಬಂದು ಅವನ ಕೈಯ ಮೇಲೆ ನಿಂತಿತು. ಈಗಲಾದರೂ ಎದೆ ಢವಢವ ಅನ್ನುತ್ತದೇನೋ ಎಂದು ಇಬ್ಬರೂ ಕಾದು ನೋಡಿದರು. ಅನ್ನಲಿಲ್ಲ.

ಪ್ರೀತಿಗೆ ಎದೆಬಡಿತ ಏರಲೇಬೇಕೆಂಬ ನಿಯಮವಿಲ್ಲ.